‘ಬರ್ಕ್’ ಎಂಬ ಕ್ರಿಯಾಪದದ ವಂಶಾವಳಿ



‘ಕನ್ನಡ’ ಎಂಬ ನಾಮಪದಕ್ಕೆ ‘ಇಸು’ ಪ್ರತ್ಯಯವನ್ನು ಹತ್ತಿಸಿ ನಾವು ‘ಕನ್ನಡಿಸು’ ಎನ್ನುತ್ತೇವೆ. ಇಂಗ್ಲಿಷಿಗೆ ಅಷ್ಟು ಶ್ರಮವೂ ಬೇಕಿಲ್ಲ; ಅಂಕಿತನಾಮವನ್ನೇ ಕ್ರಿಯಾಪದದ ಪೀಠದಲ್ಲಿ ಕುಳ್ಳಿರಿಸಿಬಿಡುತ್ತದೆ. 1880ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ‘ಬಾಯ್ಕಾಟ್’ ಎಲ್ಲರಿಗೂ ಪರಿಚಿತ. ಅದಕ್ಕಿಂತ ಹಳೆಯದೂ ವಿರಳವೂ ಆದುದು ‘ಬರ್ಕ್’. ಒಂದು ವಿಚಾರವು ಚರ್ಚೆಗೇ ಬಾರದಂತೆ ಅದನ್ನು ಸದ್ದಿಲ್ಲದೆ ಅಡಗಿಸಿಬಿಡುವುದೆಂದು ಅದರ ಅರ್ಥ. ವಾಗ್ಮಿ ಎಡ್ಮಂಡ್ ಬರ್ಕನಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಅವನ ಆತ್ಮವು ಅದಕ್ಕಾಗಿ ಸಂತೋಷಪಡಲಿ.

ಇದರ ಮೂಲಪುರುಷನು ವಿಲಿಯಂ ಬರ್ಕ್, ಐರ್ಲೆಂಡಿನಿಂದ ಸ್ಕಾಟ್ಲೆಂಡಿಗೆ ಕಾಲುವೆಯ ಕೆಲಸಕ್ಕೆ ಬಂದ ಕೂಲಿಯವನು. ಎಡಿನ್‌ಬರೋ ನಗರವು ಆಗ ವೈದ್ಯವಿದ್ಯೆಗೆ ಪ್ರಸಿದ್ಧ. ವಿದ್ಯಾರ್ಥಿಗಳ ಶವಚ್ಛೇದನಕ್ಕೆ ಕಾನೂನು ಒದಗಿಸುತ್ತಿದ್ದ ದೇಹಗಳು ಏನೇನೂ ಸಾಲುತ್ತಿರಲಿಲ್ಲ. 1827ರಲ್ಲಿ ವಿಲಿಯಂ ಹೇರ್ ಎಂಬವನ ಬಿಡಾರದಲ್ಲಿ ಬಾಡಿಗೆ ಬಾಕಿಯಿಟ್ಟು ಒಬ್ಬ ಮುದುಕ ಸತ್ತನು. ಬರ್ಕನೂ ಹೇರನೂ ಆ ಹೆಣವನ್ನು ಡಾಕ್ಟರ್ ರಾಬರ್ಟ್ ನಾಕ್ಸನ ಪಾಠಶಾಲೆಗೆ 7 ಪೌಂಡು 10 ಷಿಲ್ಲಿಂಗಿಗೆ ಮಾರಿದರು. ರುಚಿ ಹತ್ತಿತು. ಮುಂದೆ ಸಾವಿಗಾಗಿ ಕಾಯಲಿಲ್ಲ. 1828ರ ಅಂತ್ಯದೊಳಗೆ 16 ಮಂದಿ ಬಡವರು, ದಿಕ್ಕಿಲ್ಲದವರು, ಇವರ ಕೈಯಲ್ಲಿ ಮಡಿದರು. ಮದ್ಯ ಕುಡಿಸಿ, ಮೂಗುಬಾಯಿಗಳನ್ನೊತ್ತಿ ಉಸಿರು ಕಟ್ಟಿಸುತ್ತಿದ್ದರು. ಮೈಮೇಲೆ ಗಾಯದ ಗುರುತು ಉಳಿಯುತ್ತಿರಲಿಲ್ಲ.

ಹೇರನು ಸರ್ಕಾರದ ಪರ ಸಾಕ್ಷಿ ಹೇಳಿ ಪಾರಾದನು. 1829ರ ಜನವರಿ 28ರಂದು ಬರ್ಕನನ್ನು ಗಲ್ಲಿಗೇರಿಸುವಾಗ ನೆರೆದ ಜನ, ‘ಅವನನ್ನೂ ಬರ್ಕ್ ಮಾಡಿ!’ ಎಂದು ಕೂಗಿದರೆಂದು ಅಂದಿನ ಪತ್ರಿಕೆಗಳು ವರದಿ ಮಾಡಿದುವು. ಉಸಿರು ಕಟ್ಟಿಸಿ ಕೊಲ್ಲುವುದೆಂಬುದೇ ಮೊದಲ ಅರ್ಥ. ಮಾತಿನ ಉಸಿರನ್ನು ಕಟ್ಟುವುದೆಂಬುದು ತರುವಾಯ ಬೆಳೆದ ಲಕ್ಷಣಾರ್ಥ.

ಹೆಸರಿನ ಪೂರ್ವಿಕರಾದರೋ ದೊಡ್ಡವರು. ಐರ್ಲೆಂಡಿಗೆ ಹೋಗಿ ನೆಲಸಿದ ‘ದ ಬರ್ಗ್’ ಎಂಬ ಪ್ರಭುವಂಶದ ಹೆಸರೇ ಅಲ್ಲಿ ಬರ್ಕ್ ಎಂದಾಯಿತು. ಬರ್ಗ್ ಎಂದರೆ ಕೋಟೆ. ಎಡಿನ್‌ಬರೋ ಎಂಬ ಊರ ಹೆಸರಿನ ಕೊನೆಯಲ್ಲಿರುವುದೂ ಅದೇ ಶಬ್ದ!

ಬರ್ಕನ ದೇಹವನ್ನೂ ಛೇದಿಸಿದರು. ಅವನ ಅಸ್ಥಿಪಂಜರವು ಇಂದಿಗೂ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿದೆ. ಹೆಣಗಳನ್ನು ಕೊಂಡ ನಾಕ್ಸನ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ. ಅವನ ಹೆಸರು ಧಾತುವಾಗಲೂ ಇಲ್ಲ. ಸತ್ತವರಲ್ಲಿ ಕೆಲವರ ಹೆಸರೂ ಉಳಿದಿಲ್ಲ. 1832ರಲ್ಲಿ ಪಾರ್ಲಿಮೆಂಟು ಹೊಸ ಕಾಯಿದೆಯನ್ನು ಮಾಡಿ, ಅನಾಥಾಲಯಗಳಲ್ಲಿ ಸತ್ತು ವಾರಸುದಾರರಿಲ್ಲದೆ ಉಳಿದವರ ದೇಹಗಳನ್ನು ವೈದ್ಯಶಾಲೆಗಳಿಗೆ ಕೊಡಬಹುದೆಂದು ವಿಧಿಸಿತು. ಕೊಲೆಯ ವ್ಯಾಪಾರವು ನಿಂತಿತು. ಮೇಜಿನ ಮೇಲೆ ಮಲಗುವವರು ಮಾತ್ರ ಮೊದಲಿನಂತೆಯೇ ಬಡವರು.