ಬೂಸ್ಟಿನ ವಿಷ ಕೊನೆಗೆ ಎಲ್ಲಿಗೆ ಹೋಗುತ್ತದೆ?



1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗರಿಗೆ ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. ನೂರಕ್ಕೂ ಹೆಚ್ಚು ಜನ ಸತ್ತರು. ಅವರ ಮನೆಯ ನಾಯಿಗಳೂ ಸತ್ತವು. ಅವರೆಲ್ಲ ತಿಂದದ್ದು ಅಕಾಲ ಮಳೆಗೆ ಸಿಕ್ಕಿ ಬೂಸ್ಟು ಹಿಡಿದ ಮುಸುಕಿನ ಜೋಳ. ವಿಷ ಅಫ್ಲಾಟಾಕ್ಸಿನ್. 1995ರಲ್ಲಿ ನಮ್ಮ ದಖ್ಖನ್ ಸೀಮೆಯಲ್ಲೇ ಮಳೆಗೆ ನೆನೆದ ಜೋಳ ಉಂಡವರು ಹೊಟ್ಟೆನೋವು, ಭೇದಿಯಿಂದ ನರಳಿದರು. ಅದು ಫ್ಯುಮೋನಿಸಿನ್ ಎಂಬ ಇನ್ನೊಂದು ಬೂಸ್ಟಿನ ವಿಷ. ಕಾಳು ಕೆಟ್ಟಿದೆಯೆಂದು ಕಣ್ಣಿಗೆ ಕಂಡರೂ ಚೆಲ್ಲಲಾರದವರ ಕಾಯಿಲೆ ಇದು. ಬೇಯಿಸಿದರೂ ಹುರಿದರೂ ಅಫ್ಲಾಟಾಕ್ಸಿನ್ ಪೂರ್ತಿ ಹೋಗುವುದಿಲ್ಲ.

ಹಾಗಾಗಿಯೇ ಈ ವಿಷವನ್ನು ತೆಗೆಯಬಲ್ಲ ಬ್ಯಾಕ್ಟೀರಿಯಗಳ ಮೇಲೆ ನಮಗೆ ಇಷ್ಟು ಆಸೆ. 1966ರಲ್ಲೇ ಫ್ಲೇವೊಬ್ಯಾಕ್ಟೀರಿಯಂ ಅರಾಂಟಿಯಾಕಂ ದ್ರಾವಣದಿಂದ ಅಫ್ಲಾಟಾಕ್ಸಿನ್ನನ್ನು ತೆಗೆಯುತ್ತದೆ ಎಂಬುದು ಗೊತ್ತಾಗಿತ್ತು. ಆದರೆ ಆ ಜೀವಿಯನ್ನು ಊಟದ ತಟ್ಟೆಗೆ ತರುವುದು ಕಷ್ಟ. 1990ರ ದಶಕದ ಕೊನೆಗೆ ಫಿನ್ಲೆಂಡಿನ ವಿಜ್ಞಾನಿಗಳು ಮೊಸರಿನ ಬಳಗದ ಲ್ಯಾಕ್ಟೊಬ್ಯಾಸಿಲಸ್ ರ‍್ಯಾಮ್ನೋಸಸ್ ತಳಿಗಳು ದ್ರಾವಣದಲ್ಲಿದ್ದ ಅಫ್ಲಾಟಾಕ್ಸಿನ್ ಬಿ1ರ ಸುಮಾರು ಶೇ. 80ರಷ್ಟನ್ನು ಹಿಡಿದದ್ದನ್ನು ತೋರಿಸಿದಾಗ ಎಲ್ಲರ ಕಿವಿ ನೆಟ್ಟಗಾದವು. ಅದಕ್ಕಿಂತ ಮುಖ್ಯವಾದದ್ದು, ಕಾಯಿಸಿ ಕೊಂದ ಜೀವಕೋಶಗಳೂ ವಿಷವನ್ನು ಹಿಡಿದವು. ಅಂದರೆ ಬ್ಯಾಕ್ಟೀರಿಯ ವಿಷವನ್ನು ಜೀರ್ಣಿಸಿಕೊಳ್ಳುತ್ತಿರಲಿಲ್ಲ. ಜೀವಕೋಶದ ಗೋಡೆಯ ಪೆಪ್ಟಿಡೋಗ್ಲೈಕಾನಿಗೆ ವಿಷ ಅಂಟಿಕೊಳ್ಳುತ್ತಿತ್ತು.

ಅಂಟಿದ್ದು ಬಿಡಬಲ್ಲದು. ತೊಳೆದರೆ ಒಂದಷ್ಟು ಮತ್ತೆ ಹೊರಬರುತ್ತದೆ, ತಳಿಗೊಂದು ರೀತಿ. ಫ್ಲಾಸ್ಕಿನ ನೀರಿನಲ್ಲಿ ವಿಷ ಕಡಿಮೆಯಾಯಿತು ಎಂಬಲ್ಲಿಗೆ ಪ್ರಬಂಧ ಮುಗಿಸುವ ಅಭ್ಯಾಸದ ಬಗ್ಗೆ ನನಗೆ ನಿಜಕ್ಕೂ ಆತಂಕವಿದೆ. ಜಠರದ ಆಮ್ಲದಲ್ಲಿ, ಕರುಳಿನ ಪಿತ್ತರಸದಲ್ಲಿ ಆ ಹಿಡಿತ ಉಳಿಯಿತೆ? ಉಂಡವರ ಯಕೃತ್ತನ್ನು ತಲುಪಿದ ವಿಷ ಎಷ್ಟು? 2006ರಲ್ಲಿ ಪ್ರಕಟವಾದ ಚೀನಾದ ಗ್ವಾಂಗ್‌ಝೌ ಅಧ್ಯಯನ ಇದನ್ನು ಕೇಳುವ ಧೈರ್ಯ ಮಾಡಿತು. ಅಲ್ಲಿ 90 ಯುವಕರಲ್ಲಿ ಒಂದು ಗುಂಪಿಗೆ ಲ್ಯಾಕ್ಟೊಬ್ಯಾಸಿಲಸ್ ಮತ್ತು ಪ್ರೊಪಿಯೊನಿಬ್ಯಾಕ್ಟೀರಿಯಂ ಮಿಶ್ರಣ ಕೊಟ್ಟು, ಇನ್ನೊಂದಕ್ಕೆ ಹುಸಿಗುಳಿಗೆ ಕೊಟ್ಟು, ಅಫ್ಲಾಟಾಕ್ಸಿನ್ ಡಿಎನ್‌ಎಗೆ ಮಾಡಿದ ಹಾನಿಯ ಗುರುತನ್ನು ಮೂತ್ರದಲ್ಲಿ ಅಳೆದರು. ಐದನೇ ವಾರಕ್ಕೆ ಮಿಶ್ರಣ ತೆಗೆದುಕೊಂಡವರಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿದಿತ್ತು. ನಾವು ಅನುಸರಿಸಬೇಕಾದ ಮಾದರಿ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನೊಂದು ಮಾತು. ಬ್ಯಾಕ್ಟೀರಿಯ ಇದೆಯೆಂದು ಕೆಟ್ಟ ಕಾಳನ್ನು ಮಾರಲು ಯಾರಿಗೂ ಪರವಾನಗಿ ಸಿಗಬಾರದು. ಏಕೆಂದರೆ ಕೆಟ್ಟ ಕಾಳಿನ ವಿಷ ಹಾಲಿನವರೆಗೂ ಬರುತ್ತದೆ. ಚಳ್ಳಕೆರೆ, ಪಾವಗಡದ ಮಳೆಯಾಶ್ರಿತ ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಹೊಲದಲ್ಲೇ ಬೂಸ್ಟು ಒಳಹೊಗುತ್ತದೆ. ಬೂಸ್ಟು ಹತ್ತಿದ ಬೀಜ ಗಾಣಕ್ಕೆ ಹೋದರೆ ವಿಷದ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಹಿಂಡಿ ತಿಂದ ಹಸುವಿನ ಯಕೃತ್ತು ಬಿ1 ಅನ್ನು ಎಂ1 ಆಗಿ ಬದಲಿಸಿ ಹಾಲಿಗೆ ಬಿಡುತ್ತದೆ. ಹಾಲಿನಲ್ಲಿ ಎಂ1ಗೆ ನಮ್ಮ ಮಿತಿ ಕಿಲೋಗೆ 0.5 ಮೈಕ್ರೊಗ್ರಾಂ, ಯುರೋಪಿನದು 0.05. ಆದ್ದರಿಂದ ಈ ಸಭೆಯಲ್ಲಿ ಮಂಡನೆಯಾಗುವ ಪ್ರತಿ ಪ್ರಬಂಧವೂ ಎಷ್ಟು ವಿಷ ಹಿಡಿಯಿತು ಎಂಬುದರ ಪಕ್ಕದಲ್ಲೇ ಎಷ್ಟು ಬಿಟ್ಟುಕೊಟ್ಟಿತು ಎಂಬುದನ್ನೂ ಹೇಳಲಿ ಎಂದು ಕೇಳಿಕೊಳ್ಳುತ್ತೇನೆ.