ಹಿಟ್ಲರನ ಮುಖವಿರುವ ಅಂಚೆಚೀಟಿ: ಆಲ್ಬಮ್ಮಿನಲ್ಲಿ ಇಡಬಹುದೇ?



ಅಂಚೆಚೀಟಿ ಸಂಗ್ರಹ ಎಂದ ಕೂಡಲೇ ಹಕ್ಕಿ, ಹೂವು, ರೈಲು, ಗಾಂಧೀಜಿ ಇವೇ ನಮ್ಮ ಕಣ್ಣಮುಂದೆ ಬರುತ್ತವೆ. ಇಂದು ನಾನು ಆರಿಸಿಕೊಂಡ ವಿಷಯ ಅಷ್ಟು ಹಿತವಾದದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಂದರೆ 1939ರಿಂದ 1945ರ ನಡುವೆ, ನಾಜಿ ಜರ್ಮನಿ ಹೊರತಂದ ಅಂಚೆಚೀಟಿಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಮುಂಬಯಿಯ ಕನ್ನಡಿಗರಿಗೆ ಅದರ ಗೊಡವೆ ಯಾಕೆ ಎಂದು ತಾವು ಕೇಳಬಹುದು. ಗೊಡವೆ ಇದೆ. ಹೇಗೆಂದು ಹೇಳುತ್ತೇನೆ.

ಫೋರ್ಟಿನ ಜಿಪಿಒ ಕಟ್ಟಡ ತಮಗೆಲ್ಲ ಗೊತ್ತು. ಜಾನ್ ಬೆಗ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದ ಈ ಕಟ್ಟಡ 1913ರಲ್ಲಿ ಪೂರ್ಣಗೊಂಡಿತು. ಅದರ ಗುಮ್ಮಟಕ್ಕೆ ನಮ್ಮ ವಿಜಯಪುರದ ಗೋಳಗುಮ್ಮಟವೇ ಮಾದರಿ. ಆ ಗುಮ್ಮಟದ ಸುತ್ತಮುತ್ತಲ ಫುಟ್‌ಪಾತಿನಲ್ಲಿ, ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೆಯ ಅಂಚೆಚೀಟಿ, ನಾಣ್ಯ, ಪೋಸ್ಟ್ ಕಾರ್ಡುಗಳ ವ್ಯಾಪಾರ ಬಹಳ ಕಾಲದಿಂದ ನಡೆದುಬಂದಿದೆ. ಅಂಥ ಕಡೆ 'ಜರ್ಮನಿ' ಎಂದು ಬರೆದ ಪೊಟ್ಟಣ ಬಿಚ್ಚಿದರೆ ಮೊದಲು ಕೈಗೆ ಸಿಗುವುದು ಬಹುಪಾಲು ಒಂದೇ ಮುಖ. ಪಕ್ಕಕ್ಕೆ ಬಾಚಿದ ಕೂದಲು, ಮೂಗಿನ ಕೆಳಗೆ ತುಂಡು ಮೀಸೆ.

1941ರ ಆಗಸ್ಟ್ ತಿಂಗಳಿಂದ ಜರ್ಮನಿಯ ದಿನಬಳಕೆಯ ಚೀಟಿಗಳ ಮೇಲೆ ಈ ಮುಖ ಬಂತು. ಪೋಸ್ಟ್ ಕಾರ್ಡಿಗೆ 6 ಫೆನಿಗ್, ಸಾಮಾನ್ಯ ಕಾಗದಕ್ಕೆ 12 ಫೆನಿಗ್. ಮೊದಲಿಗೆ ಚೀಟಿಯ ಮೇಲೆ 'ಜರ್ಮನ್ ರಾಜ್ಯ' ಎಂದಿತ್ತು. 1943ರ ಅಕ್ಟೋಬರಿನಿಂದ ಹೊಸದಾಗಿ ಬಂದ ಚೀಟಿಗಳ ಮೇಲೆ ಅದು 'ಮಹಾಜರ್ಮನ್ ರಾಜ್ಯ' ಎಂದಾಯಿತು. ಸ್ಟಾಲಿನ್‌ಗ್ರಾಡಿನಲ್ಲಿ ಸೋತ ವರ್ಷದಲ್ಲೇ ಹೆಸರಿಗೆ 'ಮಹಾ' ಸೇರಿಕೊಂಡದ್ದನ್ನು ಗಮನಿಸಿ. ಇವು ಕೋಟಿಗಟ್ಟಲೆ ಅಚ್ಚಾದ ಚೀಟಿಗಳು. ಆದ್ದರಿಂದ 'ಅಪರೂಪದ ಹಿಟ್ಲರ್ ಚೀಟಿ' ಎಂದು ಯಾರಾದರೂ ದೊಡ್ಡ ಬೆಲೆ ಹೇಳಿದರೆ ನಕ್ಕು ಮುಂದೆ ನಡೆಯಿರಿ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇಂಥ ಚೀಟಿಯನ್ನು ಮನೆಯ ಆಲ್ಬಮ್ಮಿನಲ್ಲಿ ಇಡಬಹುದೇ? ನಮ್ಮ ನಗರದ್ದೇ ಒಂದು ಘಟನೆ ಹೇಳುತ್ತೇನೆ. 2006ರ ಆಗಸ್ಟಿನಲ್ಲಿ ನವಿ ಮುಂಬಯಿಯ ಖಾರ್ಘರಿನಲ್ಲಿ 'ಹಿಟ್ಲರ್ಸ್ ಕ್ರಾಸ್' ಎಂಬ ಹೆಸರಿನ ಹೊಟೇಲು ತೆರೆಯಿತು. ಗಿರಾಕಿಗಳ ಗಮನ ಸೆಳೆಯಲಿ ಎಂದು ಇಟ್ಟ ಹೆಸರು ಅದು. ಮುಂಬಯಿಯ ಯೆಹೂದಿ ಸಮಾಜ ಪ್ರತಿಭಟಿಸಿತು, ಸುದ್ದಿ ದೇಶವಿದೇಶಕ್ಕೆಲ್ಲ ಹಬ್ಬಿತು, ಕೆಲವೇ ದಿನಗಳಲ್ಲಿ ಹೆಸರು ಬದಲಾಯಿತು. ಈ ಯೆಹೂದಿಗಳು ನಮಗೆ ಹೊರಗಿನವರಲ್ಲ. ಕಾಲಾಘೋಡಾದ ನೀಲಿ ಬಣ್ಣದ ಪ್ರಾರ್ಥನಾ ಮಂದಿರ 1884ರದ್ದು. ನಾವು ದಿನವೂ ಲೋಕಲ್ಲಿನಲ್ಲಿ ದಾಟುವ ಮಸ್ಜಿದ್ ಸ್ಟೇಷನ್ನಿಗೆ ಆ ಹೆಸರು ಬಂದದ್ದು ಹತ್ತಿರದ ಬೆನೆ ಇಸ್ರೇಲಿ ಪ್ರಾರ್ಥನಾ ಮಂದಿರದಿಂದ ಎಂದೇ ಹೇಳುತ್ತಾರೆ. ನಮ್ಮ ನೆರೆಯವರಿಗೆ ಆ ಮುಖ ಏನನ್ನು ನೆನಪಿಸುತ್ತದೆ ಎಂಬುದು ತಿಳಿಯದೆ ಅದನ್ನು ಮೋಜಿಗೆ ಇಟ್ಟುಕೊಳ್ಳುವುದು ಸರಿಯಲ್ಲ. ಹಾಗೆಂದು ಕಣ್ಣಿಗೆ ಕಾಣದಂತೆ ಹರಿದೆಸೆಯಬೇಕೆ? ಅದೂ ಬೇಡ. ಚೀಟಿಯನ್ನು ಓದಲು ಕಲಿಯಬೇಕು. ನನ್ನ ಮಾತಿನ ಸಾರ ಇಷ್ಟೇ: ಬರೀ ಚೀಟಿ ದೊರೆ ಹೇಳಬೇಕೆಂದದ್ದನ್ನು ಹೇಳುತ್ತದೆ, ಅದು ಅಂಟಿದ ಲಕೋಟೆ ಜನರಿಗೆ ಆದದ್ದನ್ನು ಹೇಳುತ್ತದೆ.

ಮೊದಲು ದೊರೆಯ ಮಾತು ಕೇಳೋಣ. ಆ ಕಾಲದ ಎಷ್ಟೋ ಜರ್ಮನ್ ಚೀಟಿಗಳ ಮೇಲೆ ಎರಡು ಅಂಕೆ, ನಡುವೆ ಕೂಡುವ ಚಿಹ್ನೆ ಕಾಣುತ್ತದೆ. ಮೊದಲ ಅಂಕೆ ಅಂಚೆ ದರ, ಎರಡನೆಯದು ನಿಧಿಗೆ ಹೋಗುವ ಹೆಚ್ಚುವರಿ ಹಣ. ಕೆಲವು ಬಡವರ ಚಳಿಗಾಲದ ನಿಧಿಗೆ, ಇನ್ನು ಹಲವು ಹಿಟ್ಲರನ ಹೆಸರಿನ ಸಂಸ್ಕೃತಿ ನಿಧಿಗೆ. ಏಪ್ರಿಲ್ 20 ಅವನ ಹುಟ್ಟುಹಬ್ಬ. ಅದಕ್ಕೂ ಚೀಟಿ. 1943 ಮತ್ತು 1944ರ ಮಾರ್ಚಿನಲ್ಲಿ ವೀರರ ಸ್ಮರಣೆಯ ಹೆಸರಿನಲ್ಲಿ ಬಂದ ಸರಣಿಗಳಲ್ಲಿ ಜಲಾಂತರ್ಗಾಮಿ, ಫಿರಂಗಿ, ಮೆಷಿನ್ ಗನ್ನುಗಳ ಚಿತ್ರಗಳೇ ತುಂಬಿವೆ. ಗೆದ್ದುಕೊಂಡ ನಾಡುಗಳಲ್ಲಿ ಅದೇ ಹಿಟ್ಲರ್ ಚೀಟಿಯ ಮೇಲೆ 'ಉಕ್ರೇನ್', 'ಓಸ್ಟ್‌ಲ್ಯಾಂಡ್' ಎಂದು ಕಪ್ಪಕ್ಷರದಲ್ಲಿ ಮೇಲ್ಮುದ್ರಣ ಮಾಡಿ ಮಾರಿದರು. ಒಂದು ನಾಡನ್ನು ನುಂಗಿದ್ದಕ್ಕೆ ರಸೀತಿ ಇದ್ದಂತೆ ಅದು.

ಸ್ವಸ್ತಿಕದ ಬಗ್ಗೆ ಒಂದು ಮಾತು. ನಮ್ಮ ಮನೆಯ ಹೊಸ್ತಿಲಲ್ಲಿ, ದೀಪಾವಳಿಯ ಲೆಕ್ಕದ ಪುಸ್ತಕದಲ್ಲಿ ಬರೆಯುವ ಚಿಹ್ನೆ ಆ ಚೀಟಿಗಳ ಮೇಲೂ ಇದೆ. 'ನಮ್ಮ ಸ್ವಸ್ತಿಕ ಇಲ್ಲೇಕೆ ಬಂತು?' ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ಸುಮ್ಮನಿರಬೇಡಿ. ನಮಗೆ ಅದು ಮಂಗಳದ ಗುರುತು. ಯುರೋಪಿನಲ್ಲಿ ಅದನ್ನು ಹೊತ್ತ ಬಾವುಟದ ಕೆಳಗೆ ಸುಮಾರು 60 ಲಕ್ಷ ಯೆಹೂದಿಗಳ ಕೊಲೆ ನಡೆಯಿತು ಎಂದು ಹೇಳಿ. ಜರ್ಮನಿಯಲ್ಲಿ ನಾಜಿ ಸ್ವಸ್ತಿಕವನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದು ಇಂದಿಗೂ ಅಪರಾಧ. ಶಿಕ್ಷಣ, ಸಂಶೋಧನೆ, ಇತಿಹಾಸದ ನಿರೂಪಣೆ ಮುಂತಾದ ಉದ್ದೇಶಗಳಿಗೆ ಮಾತ್ರ ವಿನಾಯಿತಿ ಇದೆ. ನಮ್ಮ ಆಲ್ಬಮ್ಮಿಗೂ ಅದೇ ನಿಯಮ ಇರಲಿ.

ಇನ್ನು ಲಕೋಟೆಯ ಮಾತು. 1939ರ ಜನವರಿ 1ರಿಂದ ಜರ್ಮನಿಯ ಯೆಹೂದಿ ಗಂಡಸರು ತಮ್ಮ ಹೆಸರಿನ ಜೊತೆ 'ಇಸ್ರಾಯೆಲ್' ಎಂದೂ ಹೆಂಗಸರು 'ಸಾರಾ' ಎಂದೂ ಸೇರಿಸಿ ಬರೆಯಬೇಕೆಂದು ಕಾನೂನಾಯಿತು. ಆ ಕಾಲದ ಲಕೋಟೆ ಸಿಕ್ಕರೆ ಹಿಂದಿರುಗಿಸಿ, ಕಳುಹಿಸಿದವರ ಹೆಸರು ಓದಿ. ನಡುವೆ 'ಸಾರಾ' ಎಂದಿದ್ದರೆ ಆ ಎರಡಕ್ಷರದ ಹಿಂದೆ ಒಂದು ಇಡೀ ಸಂಸಾರದ ಭಯ ಇದೆ. 1930ರ ದಶಕದಲ್ಲಿ ಇಂಥ ಎಷ್ಟೋ ಜನ ಜರ್ಮನಿ, ಆಸ್ಟ್ರಿಯಾಗಳಿಂದ ತಪ್ಪಿಸಿಕೊಂಡು ಮುಂಬಯಿಗೆ ಬಂದರು. ಅವರ ನೆರವಿಗೆಂದೇ ಇಲ್ಲಿ 1934ರಲ್ಲಿ ಯೆಹೂದಿ ಪರಿಹಾರ ಸಂಘ ಹುಟ್ಟಿತು. ಕಲಾವಿಮರ್ಶಕ ರೂಡಿ ಫಾನ್ ಲೈಡನ್, ಚಿತ್ರಕಾರ ವಾಲ್ಟರ್ ಲಾಂಗ್‌ಹ್ಯಾಮರ್ ಮುಂತಾದವರು ಈ ನಗರಕ್ಕೆ ಬಂದದ್ದು ಹಾಗೆಯೇ. ಮುಂಬಯಿಯ ಆಧುನಿಕ ಚಿತ್ರಕಲೆಗೆ ಅವರು ಕೊಟ್ಟ ಬೆಂಬಲ ದೊಡ್ಡದು. ಊರಲ್ಲೇ ಉಳಿದ ತಂದೆತಾಯಿಯರಿಂದ ಇಲ್ಲಿಗೂ ಕಾಗದಗಳು ಬರಬೇಕಾದದ್ದು ಸಹಜ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದ ಮೇಲೆ ನೇರ ಅಂಚೆ ನಿಂತಿತು. ಆಮೇಲೆ ಉಳಿದದ್ದು ರೆಡ್ ಕ್ರಾಸಿನ ಚೀಟಿ. ಅದರಲ್ಲಿ 25 ಪದಗಳಿಗಷ್ಟೇ ಅವಕಾಶ. ಮಗನಿಗೆ ತಾಯಿ 25 ಪದಗಳಲ್ಲಿ ಏನು ಬರೆದಾಳು?

ಸೆರೆಶಿಬಿರಗಳಿಂದ ಬಂದ ಕಾಗದಗಳೂ ಸಂಗ್ರಹಕಾರರ ಕೈಗೆ ಬರುತ್ತವೆ. ದಾಖಾವ್, ಬುಖೆನ್‌ವಾಲ್ಡ್ ಶಿಬಿರಗಳ ಕಾಗದದ ಮೇಲೆ ನಿಯಮಗಳು ಮೊದಲೇ ಅಚ್ಚಾಗಿರುತ್ತಿದ್ದವು. ಕೈದಿಗೆ ತಿಂಗಳಿಗೆ ಎರಡು ಪತ್ರ, ಜರ್ಮನ್ ಭಾಷೆಯಲ್ಲೇ ಬರೆಯಬೇಕು, ಸಾಲುಗಳಿಗೂ ಮಿತಿ. ಅವುಗಳಲ್ಲಿ ಮತ್ತೆ ಮತ್ತೆ ಬರುವ ವಾಕ್ಯ: 'ನಾನು ಆರೋಗ್ಯವಾಗಿದ್ದೇನೆ, ಚೆನ್ನಾಗಿದ್ದೇನೆ.' ಬೇರೆ ಬರೆದರೆ ಕಾಗದ ಹೊರಗೆ ಹೋಗುತ್ತಿರಲಿಲ್ಲ. ಆ ಲಕೋಟೆಯ ಮೂಲೆಯಲ್ಲಿ ಅಂಟಿರುವುದು ಅದೇ 12 ಫೆನಿಗ್‌ನ ಹಿಟ್ಲರ್ ಚೀಟಿ. ಬಿಡಿಯಾಗಿ ಅದರ ಬೆಲೆ ಕೆಲವೇ ರೂಪಾಯಿ. ಆ ಕಾಗದದ ಮೇಲೆ ಇದ್ದಾಗ ಅದು ಸಾಕ್ಷಿ. ಆದ್ದರಿಂದ ಹಳೆಯ ಲಕೋಟೆಯನ್ನು ನೀರಲ್ಲಿ ನೆನೆಸಿ ಚೀಟಿ ಬಿಡಿಸಬೇಡಿ. ನಾವು ಚಿಕ್ಕಂದಿನಲ್ಲಿ ಕಲಿತ ಆ ಅಭ್ಯಾಸ ಇಲ್ಲಿ ಸಾಕ್ಷಿಯನ್ನೇ ಅಳಿಸಿದಂತೆ.

ಇಷ್ಟೆಲ್ಲ ದೂರದ ದೇಶದ ಕಥೆ ಎಂದು ತಾವು ಅಂದುಕೊಂಡಿರಬಹುದು. ಆದರೆ ಅದೇ ಬರ್ಲಿನ್ನಿನ ಸರಕಾರಿ ಮುದ್ರಣಾಲಯದಲ್ಲಿ, 1943ರಲ್ಲಿ, ನಮ್ಮ ಹೆಸರಿನ ಚೀಟಿಗಳೂ ಅಚ್ಚಾದವು. ಅವೇ ಆಜಾದ್ ಹಿಂದ್ ಚೀಟಿಗಳು. ನೇತಾಜಿ ಸುಭಾಷ್‌ಚಂದ್ರ ಬೋಸರು 1941ರ ಏಪ್ರಿಲಿನಲ್ಲಿ ಬರ್ಲಿನ್ ತಲುಪಿ, ಅಲ್ಲಿ ಫ್ರೀ ಇಂಡಿಯಾ ಸೆಂಟರ್ ಕಟ್ಟಿದರು. 1943ರ ಫೆಬ್ರವರಿಯಲ್ಲಿ ಜಲಾಂತರ್ಗಾಮಿ ಹತ್ತಿ ಪೂರ್ವಕ್ಕೆ ಹೊರಟರು. ಅದೇ ವರ್ಷ ಅಕ್ಟೋಬರ್ 21ರಂದು ಸಿಂಗಪುರದಲ್ಲಿ ಆಜಾದ್ ಹಿಂದ್ ಸರಕಾರವನ್ನು ಘೋಷಿಸಿದರು. ಸ್ವತಂತ್ರ ಭಾರತದ ಅಂಚೆಗೆಂದು ಸಿದ್ಧವಾದ ಈ ಚೀಟಿಗಳನ್ನು ರೂಪಿಸಿದವರು ವೆರ್ನರ್ ಮತ್ತು ಮರಿಯಾ ಫಾನ್ ಆಕ್ಸ್‌ಟರ್-ಹಾಯ್ಡ್‌ಲಾಸ್ ಎಂಬ ಜರ್ಮನ್ ದಂಪತಿ. ಜರ್ಮನಿಯ ಎಷ್ಟೋ ಚೀಟಿಗಳನ್ನು ಬರೆದವರೂ ಅವರೇ.

ಚಿತ್ರಗಳು ಯಾವುವು ಗೊತ್ತೇ? ಎತ್ತು ಹೂಡಿ ಉಳುವ ರೈತ, ಚರಕದ ಮುಂದೆ ಕೂತ ಹೆಂಗಸು, ಗಾಯಾಳುವನ್ನು ಉಪಚರಿಸುವ ದಾದಿ, ಭಾರತದ ನಕ್ಷೆಯ ಮೇಲೆ ಕಡಿದುಬಿದ್ದ ಸರಪಳಿ, ಬಾವುಟ ಹಿಡಿದ ಮೂವರು ಸೈನಿಕರು, ಮೆಷಿನ್ ಗನ್ ಹಿಡಿದ ಸಿಖ್ ಯೋಧ. ಮುಖಬೆಲೆ ನಮ್ಮ ಆಣೆ, ರೂಪಾಯಿಗಳಲ್ಲಿ. ಎಲ್ಲಕ್ಕಿಂತ ದೊಡ್ಡದು 1 ರೂಪಾಯಿಯದು, ಅದರ ಮೇಲೆ 2 ರೂಪಾಯಿ ಹೆಚ್ಚುವರಿ. ಕೂಡುವ ಚಿಹ್ನೆ ಇಲ್ಲಿಗೂ ಬಂತು ನೋಡಿ. 1944ರಲ್ಲಿ ಇಂಫಾಲ, ಕೊಹಿಮಾಗಳಲ್ಲಿ ಸೇನೆ ಹಿಮ್ಮೆಟ್ಟಿತು. ಈ ಚೀಟಿಗಳು ಒಂದೇ ಒಂದು ಅಂಚೆ ಕಚೇರಿಯಲ್ಲೂ ಬಳಕೆಗೆ ಬರಲಿಲ್ಲ. ಜರ್ಮನಿಯ ಪ್ರಸಿದ್ಧ ಮಿಶೆಲ್ ಕ್ಯಾಟಲಾಗು ಇವನ್ನು ಪಟ್ಟಿ ಮಾಡಿದೆ. ನಮ್ಮ ಅಂಚೆ ಇಲಾಖೆಯೂ ಸ್ವಾತಂತ್ರ್ಯ ಹೋರಾಟದ ಚೀಟಿಗಳ ಪುಸ್ತಕದಲ್ಲಿ ಇವುಗಳಲ್ಲಿ ಆರನ್ನು ಸೇರಿಸಿದೆ. ಸ್ವತಂತ್ರ ಭಾರತ ನೇತಾಜಿಯವರ ಚೀಟಿ ತಂದದ್ದು 1964ರ ಜನವರಿ 23ರಂದು.

ಇಲ್ಲಿಯೇ ನಮಗೆ ಪರೀಕ್ಷೆ. ಚರಕದ ಆ ಚಿತ್ರ ನೋಡಿದಾಗ ಎದೆ ತುಂಬುತ್ತದೆ, ಸಹಜ. ಅಚ್ಚಾದ ಯಂತ್ರ ಯಾವುದೆಂದು ನೆನೆದಾಗ ಮನಸ್ಸು ಮುದುಡುತ್ತದೆ, ಅದೂ ಸಹಜ. ಹಿಟ್ಲರ್ ತನ್ನ ಪುಸ್ತಕದಲ್ಲಿ ಭಾರತದ ಸ್ವಾತಂತ್ರ್ಯ ಹೋರಾಟಗಾರರನ್ನು ಹೀಯಾಳಿಸಿದ್ದ. 1942ರ ಮೇ ತಿಂಗಳಲ್ಲಿ ಅವನನ್ನು ಭೇಟಿಯಾದಾಗ ಬೋಸರು ಆ ಮಾತನ್ನು ಎತ್ತಿದರು. ನೇರವಾದ ಉತ್ತರ ಸಿಗಲಿಲ್ಲ. ನೇತಾಜಿಯವರ ದೇಶಪ್ರೇಮ ನಿಜ. ನೆರವು ಕೊಟ್ಟ ಕೈಗೆ ರಕ್ತ ಮೆತ್ತಿದ್ದೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ. ಆಲ್ಬಮ್ಮಿನ ಒಂದೇ ಪುಟದಲ್ಲಿ ಎರಡೂ ಇರಲಿ, ಕೆಳಗೆ ಎರಡು ಸಾಲು ವಿವರವೂ ಇರಲಿ. ನಮ್ಮಲ್ಲಿ ಹಿಟ್ಲರನನ್ನು 'ಶಿಸ್ತಿನ ನಾಯಕ' ಎಂದು ಹೊಗಳುವವರು ಇಂದಿಗೂ ಸಿಗುತ್ತಾರೆ. ಅವರೊಡನೆ ವಾದಕ್ಕಿಳಿಯುವ ಬದಲು ಆ ಪುಟ ತೆರೆದು ತೋರಿಸಿ.

ಈ ಸಂಗ್ರಹಕ್ಕೆ ಕೈ ಹಾಕುವವರಿಗೆ ಕೆಲವು ಸೂಚನೆಗಳು. ನಕಲಿಗಳು ಹೇರಳ, ಎಚ್ಚರ. 1945ರ ಏಪ್ರಿಲ್ ಕೊನೆಯಲ್ಲಿ, ಬರ್ಲಿನ್ ಬೀಳುವ ಕೆಲವೇ ದಿನ ಮುಂಚೆ, ಎಸ್.ಎ. ಮತ್ತು ಎಸ್.ಎಸ್. ಪಡೆಗಳ ಎರಡು ಚೀಟಿಗಳು ಬಂದವು. ಬಳಸದವು ಸಿಗುತ್ತವೆ. ಮೊಹರು ಬಿದ್ದದ್ದು ಎಂದು ಯಾರಾದರೂ ತೋರಿಸಿದರೆ ಮೊದಲು ಅನುಮಾನಿಸಿ, ಏಕೆಂದರೆ ಆಮೇಲೆ ಒತ್ತಿದ ಸುಳ್ಳು ಮೊಹರುಗಳು ಬಹಳ. ತೆರೆಸೀನ್ ಶಿಬಿರಕ್ಕೆ ಪಾರ್ಸೆಲ್ ಕಳುಹಿಸಲು 1943ರಲ್ಲಿ ಬಂದ, ಮುಖಬೆಲೆಯೇ ಇಲ್ಲದ ಚೀಟಿಗೂ ನಕಲುಗಳಿವೆ. ನೋವಿನ ವಸ್ತುವನ್ನೂ ನಕಲು ಮಾಡಿ ಮಾರುವವರಿದ್ದಾರೆ. ದೊಡ್ಡ ಮೊತ್ತ ಕೊಡುವ ಮುಂಚೆ ತಿಳಿದವರಿಗೆ ತೋರಿಸಿ.

ಇನ್ನು ನಮ್ಮ ಮಳೆಗಾಲ. ಡೊಂಬಿವಲಿಯಿರಲಿ, ಮೀರಾ ರೋಡಿರಲಿ, ಜೂನಿನಿಂದ ಸೆಪ್ಟೆಂಬರಿನವರೆಗೆ ತೇವಕ್ಕೆ ಚೀಟಿಯ ಅಂಟು ಕರಗಿ ಪುಟಕ್ಕೆ ಹಿಡಿಯುತ್ತದೆ, ಬೂಸು ಬರುತ್ತದೆ. ಆಲ್ಬಮ್ಮನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ. ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಅದನ್ನು ಆಗಾಗ ಬದಲಿಸಿ. ಚೀಟಿಯನ್ನು ಕೈಯಲ್ಲಿ ಮುಟ್ಟದೆ ಚಿಮುಟದಲ್ಲಿ ಹಿಡಿಯಿರಿ. ಸೆಲ್ಲೋಟೇಪು, ಲ್ಯಾಮಿನೇಷನ್ ಬೇಡವೇ ಬೇಡ.

ಕೊನೆಗೆ ಒಂದು ಚೀಟಿಯ ವಿಷಯ ಹೇಳಿ ಮುಗಿಸುತ್ತೇನೆ. ಯುದ್ಧ ಮುಗಿದ 1945ರಲ್ಲಿ ಜರ್ಮನಿಯಲ್ಲಿ ಹೊಸ ಚೀಟಿ ಅಚ್ಚು ಹಾಕಲು ಅನುಕೂಲ ಇರಲಿಲ್ಲ. ಸ್ಯಾಕ್ಸನಿಯ ಎಷ್ಟೋ ಊರುಗಳ ಅಂಚೆ ಕಚೇರಿಗಳಲ್ಲಿ ಉಳಿದಿದ್ದ ಹಿಟ್ಲರ್ ಚೀಟಿಗಳ ಮುಖದ ಮೇಲೆ ಕಪ್ಪು ಮಸಿ ಒತ್ತಿ ಮಾರಿದರು. ಆಸ್ಟ್ರಿಯಾದಲ್ಲಿ ಅದೇ ಚೀಟಿಯ ಮೇಲೆ ತಮ್ಮ ದೇಶದ ಹೆಸರನ್ನು ಮತ್ತೆ ಅಚ್ಚು ಹಾಕಿದರು. ಅವು ಸಿಕ್ಕರೆ ಮಸಿ ಒತ್ತದ ಚೀಟಿಯ ಪಕ್ಕದಲ್ಲೇ ಇಡಿ. ಮನೆಗೆ ಬಂದ ಮಕ್ಕಳು ಆ ಮುಖಕ್ಕೆ ಮಸಿ ಏಕೆ ಬಿತ್ತು ಎಂದು ಕೇಳಿದರೆ, ಕೂತು ಹೇಳಲು ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ.