ಕಂದಕದ ದಂಡೆಯಲ್ಲಿ ಅಜ್ಜಿ

ಮಳೆ ನಿಂತ ಮೇಲೆ ಕಲಘಟಗಿಯಿಂದ ಅಜ್ಜಿನ್ನ ಕರಕೊಂಡು ಕುಮಟಾ ಹತ್ತಿರದ ಮಿರ್ಜಾನ್ ಕೋಟೆಗೆ ಹೋಗಿದ್ದೆ. ಕೆಂಪು ಜಂಬಿಟ್ಟಿಗೆ ಗೋಡೆ, ಸುತ್ತಲೂ ಕಂದಕ. 16ನೇ ಶತಮಾನದಲ್ಲಿ ಇಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಆಳ್ವಿಕೆ. ಪೋರ್ಚುಗೀಸರು ಆಕೆಯನ್ನು ‘ಕಾಳುಮೆಣಸಿನ ರಾಣಿ’ ಅಂತಿದ್ದರು. ಬಿಕಾಂ ಓದಿದ ನನ್ನ ತಲೆಯಲ್ಲಿ ಬರೇ ಮೆಣಸಿನ ವ್ಯಾಪಾರದ ಲೆಕ್ಕ.

ಅಜ್ಜಿ ಮಾತ್ರ ಕಂದಕದ ದಂಡೆಯಲ್ಲಿ ಕುಂತು ಗಿಡ ನೋಡಾಕತ್ತಿದ್ದಳು.

“ಇದು ನೆಲನೆಲ್ಲಿ, ಹಿಂದಕ ಕಾಮಾಲಿಗೆ ಕೊಡ್ತಿದ್ರು. ಇದು ಉತ್ತರಾಣಿ, ಕಡ್ಡೀಲೆ ಹಲ್ಲು ತಿಕ್ಕತಿದ್ವಿ. ಅದು ತುಂಬಿ, ನೆಗಡಿಗೆ. ನಿನಗ ಒಂದರ ಗೊತ್ತೈತೇನೋ ತಮ್ಮಾ?”

ಗೊತ್ತಿರಲಿಲ್ಲ. ಊರೂರು ತಿರುಗಿ ಮಂದಿ ದನಿ ಹಿಡಿಯೋ ನಾನು, ಮನೆಯ ಈ ದನಿ ಒಮ್ಮೆಯೂ ರೆಕಾರ್ಡ್ ಮಾಡಿರಲಿಲ್ಲ. ಕೋಟೆ ಕಾಯಾಕ ಪುರಾತತ್ವ ಇಲಾಖೆ ಐತಿ. ಈ ಹೆಸರುಗಳನ್ನ ಕಾಯೋರು ಯಾರು?

ಅಲ್ಲೇ ಮೈಕ್ ಆನ್ ಮಾಡಿದೆ. ಇನ್ನ ಅಜ್ಜಿ ಮಾತಾಡ್ತಾಳ, ಕೇಳ್ರಿ.